ಸಂತ ಪದವಿ: ಜನರ ಭಕ್ತಿಯಿಂದ ಧರ್ಮಸಭೆಯ ಘೋಷಣೆಯವರೆಗೆ

ಮಹಾರಾಷ್ಟ್ರದಲ್ಲಿ ನೆಲೆಸಿರುವ ಕನ್ನಡಿಗರಿಗೆ ಗೋದಾವರಿ ತೀರದ ಪೈಠಣವು ಅಪರಿಚಿತವಲ್ಲ. ಛತ್ರಪತಿ ಸಂಭಾಜಿನಗರ ಜಿಲ್ಲೆಯ ಈ ಪುರಾತನ ಪ್ರತಿಷ್ಠಾನ ನಗರವು 16ನೇ ಶತಮಾನದ ಸಂತ ಏಕನಾಥರ ಊರು. ಏಕನಾಥ ಷಷ್ಠಿಯಂದು ಅವರ ಸಮಾಧಿಯ ದರ್ಶನಕ್ಕೆ ವಾರಕರಿಗಳು ಕಿಕ್ಕಿರಿದು ಸೇರುತ್ತಾರೆ. ಏಕನಾಥರಿಗೆ ಸಂತ ಪದವಿಯನ್ನು ಯಾವ ಪೀಠವೂ ನೀಡಲಿಲ್ಲ. ಜನರು ಹಾಗೆ ಕರೆದರು, ಆ ಹೆಸರು ನಿಂತಿತು. ನಮ್ಮ ಕನಕದಾಸರು, ಶಿಶುನಾಳ ಶರೀಫರ ವಿಷಯವೂ ಅಷ್ಟೇ.

ಆದರೆ ಪ್ರಮಾಣಪತ್ರದ ಪ್ರಶ್ನೆ ಪೈಠಣಕ್ಕೆ ಹೊಸದಲ್ಲ. ಸನ್ಯಾಸಿಯ ಮಕ್ಕಳೆಂದು ಬಹಿಷ್ಕೃತರಾಗಿದ್ದ ಜ್ಞಾನೇಶ್ವರರು ಒಡಹುಟ್ಟಿದವರೊಡನೆ ಶುದ್ಧಿಪತ್ರ ಬೇಡಿ ಬಂದದ್ದು ಇಲ್ಲಿನ ವಿದ್ವಾಂಸರ ಬಳಿಗೇ; ಆಗ ಅವರು ಕೋಣದ ಬಾಯಿಂದ ವೇದ ನುಡಿಸಿದರೆಂದು ಪ್ರತೀತಿ. ಸಭೆಯು ಪುರಾವೆ ಕೇಳುವುದು, ಪವಾಡವು ಅದಕ್ಕೆ ಉತ್ತರವಾಗುವುದು: ಈ ಎರಡನ್ನೂ ಲಿಖಿತ ನಿಯಮವಾಗಿಸಿಕೊಂಡಿರುವುದು ಕ್ಯಾಥೊಲಿಕ್ ಧರ್ಮಸಭೆ.

ಆರಂಭದ ಶತಮಾನಗಳಲ್ಲಿ ಕ್ರೈಸ್ತರಲ್ಲಿಯೂ ಜನರ ಭಕ್ತಿಯೇ ಪ್ರಮಾಣವಾಗಿತ್ತು. ಸ್ಥಳೀಯ ಬಿಷಪ್ಪರ ಒಪ್ಪಿಗೆಯೇ ಸಾಕಾಗುತ್ತಿತ್ತು. ಪೋಪರು ಸಂತ ಪದವಿ ಘೋಷಿಸಿದ ಮೊದಲ ದಾಖಲಿತ ನಿದರ್ಶನ 993ರದು. 1234ರ ವೇಳೆಗೆ ಆ ಅಧಿಕಾರವು ಪೋಪರಿಗೆ ಮೀಸಲಾಯಿತು. ಈಗಿನ ಕ್ರಮವನ್ನು ರೂಪಿಸಿದ್ದು 1983ರ ಸುಧಾರಣೆ.

ಸಾಮಾನ್ಯವಾಗಿ ಮರಣದ ನಂತರ 5 ವರ್ಷ ಕಾಯಬೇಕು. ಬಳಿಕ ಬಿಷಪ್ಪರು ವಿಚಾರಣೆ ಆರಂಭಿಸಿದಾಗ ಆ ವ್ಯಕ್ತಿಯನ್ನು 'ದೇವರ ಸೇವಕ'ರೆಂದು ಕರೆಯಲಾಗುತ್ತದೆ. ಅವರ ಬರಹಗಳನ್ನು ಶೋಧಿಸಿ, ಸಾಕ್ಷಿಗಳ ಹೇಳಿಕೆ ಪಡೆದು, ಕಡತವನ್ನು ರೋಮಿಗೆ ಕಳುಹಿಸಲಾಗುತ್ತದೆ. ಅಸಾಧಾರಣ ಸದ್ಗುಣಗಳು ದೃಢಪಟ್ಟರೆ ಅವರು 'ಪೂಜ್ಯ'ರು. ಅವರಿಗೆ ಮೊರೆಯಿಟ್ಟದ್ದರಿಂದ ಒಂದು ಪವಾಡ ನಡೆದದ್ದು ಸಿದ್ಧವಾದರೆ 'ಧನ್ಯ'ರು. ಆ ಮೇಲೆ ಇನ್ನೊಂದು ಸಿದ್ಧವಾದರೆ 'ಸಂತ'ರು. ಪವಾಡವೆಂದರೆ ಬಹುತೇಕ ರೋಗ ಗುಣವಾದ ಪ್ರಸಂಗ. ಅದು ಶೀಘ್ರವೂ ಪೂರ್ಣವೂ ಶಾಶ್ವತವೂ ಆಗಿರಬೇಕು. ವೈದ್ಯರ ಮಂಡಳಿಗೆ ಅದಕ್ಕೆ ವೈಜ್ಞಾನಿಕ ಕಾರಣ ದೊರೆಯಬಾರದು. ಧರ್ಮಕ್ಕಾಗಿ ಪ್ರಾಣ ತೆತ್ತವರು ಧನ್ಯರಾಗಲು ಪವಾಡ ಬೇಕಿಲ್ಲ. ಧನ್ಯರ ಸಾರ್ವಜನಿಕ ಆರಾಧನೆ ಅವರ ನಾಡಿಗೋ ಸಂಘಕ್ಕೋ ಸೀಮಿತ, ಸಂತರದು ವಿಶ್ವವ್ಯಾಪಿ.

ಕರಾವಳಿ ಕನ್ನಡನಾಡಿಗೆ ಸೇರಿದ ಒಂದು ನಿದರ್ಶನವನ್ನು ನೋಡೋಣ. 1651ರಲ್ಲಿ ಗೋವೆಯ ಬಾಣಾವಲಿಯಲ್ಲಿ ಜನಿಸಿದ ಜೋಸೆಫ್ ವಾಜ್ ಅವರು 1681ರಿಂದ 1684ರವರೆಗೆ ಮಂಗಳೂರು, ಬಸ್ರೂರು, ಗಂಗೊಳ್ಳಿ ಮುಂತಾದೆಡೆ ಸೇವೆ ಸಲ್ಲಿಸಿದರು. ತರುವಾಯ, ಡಚ್ಚರು ಕ್ಯಾಥೊಲಿಕ್ ಆಚರಣೆಯನ್ನು ನಿಷೇಧಿಸಿದ್ದ ಶ್ರೀಲಂಕೆಯನ್ನು ಮಾರುವೇಷದಲ್ಲಿ ಪ್ರವೇಶಿಸಿದರು. ಕ್ಯಾಂಡಿಯಲ್ಲಿ ಗೂಢಚಾರರೆಂಬ ಶಂಕೆಯಿಂದ ಸೆರೆಮನೆ ಕಂಡರು. 1697ರಲ್ಲಿ ಸಿಡುಬು ಹಬ್ಬಿದಾಗ ಅದೇ ಊರಿನ ರೋಗಿಗಳನ್ನು ಉಪಚರಿಸಿದರು. 1711ರಲ್ಲಿ ಅಲ್ಲಿಯೇ ನಿಧನರಾದರು.

ಅವರು ಧನ್ಯರೆನಿಸಿದ್ದು 1995ರಲ್ಲಿ; ಸಂತರೆನಿಸಿದ್ದು 2015ರ ಜನವರಿ 14ರಂದು, ಕೊಲಂಬೊದಲ್ಲಿ. ಎರಡನೆಯ ಪವಾಡದ ಅಗತ್ಯವನ್ನು ಪೋಪ್ ಫ್ರಾನ್ಸಿಸ್ ಅವರು ಕೈಬಿಟ್ಟರು. ನಿಯಮವನ್ನು ಸಡಿಲಿಸುವ ಅಧಿಕಾರವೂ ಪೋಪರಿಗೆ ಇದೆ ಎಂಬುದು ಇದರಿಂದ ತಿಳಿಯುತ್ತದೆ. ಮಂಗಳೂರು ಸಮೀಪದ ಮುಡಿಪುವಿನಲ್ಲಿ ಅವರ ಹೆಸರಿನ ಪುಣ್ಯಕ್ಷೇತ್ರವಿದೆ.

ಇತರ ಕ್ರೈಸ್ತ ಸಭೆಗಳ ರೀತಿ ಬೇರೆ. ಆರ್ಥೊಡಾಕ್ಸ್ ಸಭೆಗಳಲ್ಲಿ ಆಯಾ ಸಭೆಯ ಬಿಷಪ್ಪರ ಪರಿಷತ್ತೇ ನಿರ್ಣಯಿಸುತ್ತದೆ. ಕೇರಳದ ಪರುಮಲ ತಿರುಮೇನಿಯವರನ್ನು ಮಲಂಕರ ಸಭೆಯು 1947ರಲ್ಲಿ ಸಂತರೆಂದು ಘೋಷಿಸಿತು. ಪ್ರೊಟೆಸ್ಟಂಟ್ ಸಭೆಗಳಲ್ಲಿ ಇಂತಹ ವಿಚಾರಣೆಯ ಪದ್ಧತಿ ಸಾಮಾನ್ಯವಾಗಿ ಇಲ್ಲ.

ಹಾಗಾದರೆ ಸಂತರನ್ನು ಮಾಡುವವರು ಯಾರು? ರೋಮ್ ಕೂಡ ತಾನು ಸಂತರನ್ನು ಸೃಷ್ಟಿಸುತ್ತೇನೆಂದು ಹೇಳುವುದಿಲ್ಲ; ಆಗಲೇ ದೇವರ ಸನ್ನಿಧಿಯಲ್ಲಿರುವವರನ್ನು ಗುರುತಿಸುತ್ತೇನೆ ಎನ್ನುತ್ತದೆ. ವಿಚಾರಣೆ ಆರಂಭವಾಗಬೇಕಾದರೂ ಜನರಲ್ಲಿ ಆ ವ್ಯಕ್ತಿಯ ಪಾವಿತ್ರ್ಯದ ಕೀರ್ತಿ ಇರಲೇಬೇಕು. ಪೈಠಣದಲ್ಲಿ ಜನರ ಮಾತೇ ಕೊನೆಯ ತೀರ್ಪು. ರೋಮಿನಲ್ಲಿ ಅದು ಮೊದಲ ಸಾಕ್ಷಿ.