ಮೆಡಿಯಾಳಿಗೆ ಗೋಕಾಕ ಸೀಮೆಯ ಹಿಮ್ಮೇಳ

ಮಮದಾಪುರದಲ್ಲಿ ‘ಶ್ರೀಕೃಷ್ಣ ಪಾರಿಜಾತ’ ನೋಡಿದಂದಿನಿಂದ ನನ್ನ ತಲೆಯಲ್ಲಿ ಗ್ರೀಕರ ಮೆಡಿಯಾ ಕೂತುಬಿಟ್ಟಿದ್ದಾಳೆ. ನಗಬೇಡಿ. ಕೃಷ್ಣ ಒಂದು ಹೂವನ್ನು ರುಕ್ಮಿಣಿಗೆ ಕೊಟ್ಟದ್ದಕ್ಕೆ ಸತ್ಯಭಾಮೆ ಉರಿದೆದ್ದಳು. ಗಂಡ ಜೇಸನ್ ಕೊರಿಂಥದ ರಾಜಕುಮಾರಿಯನ್ನೇ ಕಟ್ಟಿಕೊಂಡದ್ದಕ್ಕೆ ಮೆಡಿಯಾ ಹೆತ್ತ ಮಕ್ಕಳನ್ನೇ ಕೊಂದಳು. ನಮ್ಮವಳನ್ನು ಗಂಡ ಕಾಡಿ ಬೇಡಿ ಒಲಿಸಿಕೊಳ್ಳುತ್ತಾನೆ, ಅಷ್ಟೇ ವ್ಯತ್ಯಾಸ.

ಆ ರಾತ್ರಿ ಸತ್ಯಭಾಮೆ ಸಿಟ್ಟನ್ನೆಲ್ಲ ಹಾಡಿಗೆ ಸುರಿದು, ಹೆಜ್ಜೆ ಹಾಕುತ್ತ ರಂಗದ ತುದಿಗೆ ಬಂದಳು. ನಡುವೆ ಅವಳ ದೂತಿ ಬಾಯಿ ಹಾಕಿದಳು, ದ್ವಾರಕೆಯ ಅರಮನೆಯಲ್ಲಿ ನಿಂತು ಅಪ್ಪಟ ಗೋಕಾಕ ಸೀಮೆಯ ಮಾತಿನಲ್ಲಿ. ಜನ ಬಿದ್ದು ಬಿದ್ದು ನಕ್ಕರು. ನಗು ಇಳಿಯುವ ಮೊದಲೇ ಹಿಮ್ಮೇಳದವರು ಹಾಡಿನ ಕೊನೆಯ ಸಾಲನ್ನು ಏರುದನಿಯಲ್ಲಿ ಎತ್ತಿಕೊಂಡರು. ಪೇಟಿ, ತಬಲಾ, ತಾಳ ಒಟ್ಟಿಗೆ ಮೇಲೇರಿದವು. ನಕ್ಕವರ ಮುಖ ಗಂಭೀರವಾಯಿತು. ಆಟ ಮುಗಿದ ಮೇಲೆ ಪೇಟಿಯವರನ್ನು ಮಾತಾಡಿಸಿದೆ. ಹಿಮ್ಮೇಳದ ಕೆಲಸ ಸಾಥ್ ಕೊಡುವುದಷ್ಟೇ ಅಲ್ಲ, ಪಾತ್ರಧಾರಿಯನ್ನು ಕೆಣಕುವುದು ಎಂಬುದು ಅವರ ಅಭಿಪ್ರಾಯ.

ಈ ದೂತಿ ನನ್ನನ್ನು ಬಿಡುತ್ತಿಲ್ಲ. ಕ್ರಿ.ಪೂ. 431ರಲ್ಲಿ ಆಡಿದ ಯುರಿಪಿಡೀಸನ ‘ಮೆಡಿಯಾ’ ನಾಟಕದಲ್ಲೂ ಒಬ್ಬ ದಾಯಿ ಇದ್ದಾಳೆ. ನಾಟಕ ತೆರೆಯುವುದೇ ಅವಳ ಮಾತಿನಿಂದ. ಆದರೆ ಒಡತಿಯ ಬಗೆಗಿನ ಭಯ ತೋಡಿಕೊಂಡವಳು ಬೇಗ ಮರೆಯಾಗುತ್ತಾಳೆ. ಯುರಿಪಿಡೀಸ್ ಅವಳನ್ನು ಕಡೆಯವರೆಗೂ ಉಳಿಸಿಕೊಳ್ಳಬೇಕಿತ್ತು ಎಂದು ನಾನಂತೂ ಹೇಳುತ್ತೇನೆ! ನಗಿಸುವವಳೊಬ್ಬಳು ಪಕ್ಕದಲ್ಲಿದ್ದರೆ ಆ ಕೊಲೆ ಇನ್ನೂ ಭೀಕರವಾಗುತ್ತಿತ್ತು. ಕೊರಿಂಥದ ಹೆಂಗಸರ ಮೇಳ ಅಲ್ಲಿ ಹಾಡುತ್ತದೆ, ಕುಣಿಯುತ್ತದೆ, ಬೇಡ ಎಂದು ಬುದ್ಧಿ ಹೇಳುತ್ತದೆ. ಜೊತೆಗೆ ಜೋಡಿಕೊಳವೆಯ ಊದುವಾದ್ಯ. ನಮ್ಮ ನಗರದ ರಂಗತಂಡಗಳು ಈ ಮೇಳಕ್ಕೆ ಕರಿ ಬಟ್ಟೆ ತೊಡಿಸಿ, ಸಾಲಾಗಿ ನಿಲ್ಲಿಸಿ, ಮಗ್ಗಿ ಒಪ್ಪಿಸುವ ಹುಡುಗರಂತೆ ಮಾತಾಡಿಸುವುದನ್ನು ಕಂಡಾಗಲೆಲ್ಲ ಬೇಸರವಾಗುತ್ತದೆ.

ಪಾರಿಜಾತದ ಚರಿತ್ರೆ ತಮಗೆ ಗೊತ್ತಿದ್ದದ್ದೇ: ಅಪರಾಳ ತಮ್ಮಣ್ಣನ ಕೃತಿಗೆ ಕುಲಗೋಡದ ತಮ್ಮಣ್ಣ ಆಟದ ರೂಪ ಕೊಟ್ಟ, ಕೌಜಲಗಿ ನಿಂಗಮ್ಮ ಅದರ ಕೀರ್ತಿ ಬೆಳೆಸಿದರು. ಗ್ರೀಕ್ ನಾಟಕವೂ ಕನ್ನಡಕ್ಕೆ ಹೊಸದಲ್ಲ. ಬಿ.ಎಂ.ಶ್ರೀ. 1929ರಲ್ಲೇ ಸೋಫೊಕ್ಲೀಸನ ಏಜಾಕ್ಸ್‌ನನ್ನು ‘ಅಶ್ವತ್ಥಾಮನ್’ ಮಾಡಿದರು. 1972ರಲ್ಲಿ ಬಿ.ವಿ. ಕಾರಂತರು ಬೆಂಗಳೂರಿನ ಬಯಲಲ್ಲಿ ಲಂಕೇಶರು ಕನ್ನಡಕ್ಕೆ ತಂದ ಈಡಿಪಸ್‌ನನ್ನೂ ಕಂಬಾರರ ‘ಜೋಕುಮಾರಸ್ವಾಮಿ’ಯನ್ನೂ ಆಡಿಸಿದರು. ಕಂಬಾರರು ಇದೇ ಸೀಮೆಯ ಘೋಡಗೇರಿಯವರು. ಒಂದೇ ನಿರ್ದೇಶಕನ ಕೈಯಲ್ಲಿ ಈಡಿಪಸ್‌ನ ಥೀಬ್ಸ್ ಮತ್ತು ಕಂಬಾರರ ಹುಕ್ಕೇರಿ ಅಷ್ಟು ಹತ್ತಿರ ಬಂದಿದ್ದವು. ಆದರೂ ಗ್ರೀಕರ ಕಥೆಯೊಂದನ್ನು ಪೂರಾ ಪಾರಿಜಾತದ ಮಟ್ಟಿನಲ್ಲಿ ಹಾಡಿ ಕುಣಿದದ್ದನ್ನು ನಾನಿನ್ನೂ ನೋಡಿಲ್ಲ.

ಅಂಥದ್ದಕ್ಕೆ ಕೈ ಹಾಕುವ ನಿರ್ದೇಶಕರಲ್ಲಿ ಒಂದು ವಿನಂತಿ. ರೆಕಾರ್ಡ್ ಮಾಡಿದ ಸಂಗೀತ ಬೇಡ. ಗೋಕಾಕ, ಮೂಡಲಗಿ ಕಡೆಯ ಹಿಮ್ಮೇಳದವರನ್ನು ತಾಲೀಮಿನ ಮೊದಲ ದಿನದಿಂದಲೇ ಕರೆಸಿಕೊಳ್ಳಿ, ನಟರಿಗೆ ಕೊಡುವಷ್ಟೇ ಸಂಭಾವನೆ ಅವರಿಗೂ ಕೊಡಿ.