ಕೋರಮಂಡಲ್‌ನಿಂದ ಕೋರೆಲ್‌ವರೆಗೆ: ಜೆಆರ್‌ಪಿಜಿ ಈಗ ಎಲ್ಲಿದೆ?

ಬೆಳಿಗ್ಗೆ ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಹತ್ತಿ ಕೋರಮಂಡಲ್ ತಲುಪೋ ಹೊತ್ತಿಗೆ ನಮ್ಮಲ್ಲಿ ಅರ್ಧ ಜನರ ಕೈಯಲ್ಲಿ ಗೇಮ್ ಓಡ್ತಿರುತ್ತೆ. ಹೆಚ್ಚಿನವರದ್ದು ಬಿಜಿಎಂಐ. ಒಂದಿಬ್ಬರು ಮಾತ್ರ ಗುಂಡು ಹಾರಿಸದೆ, ಸುಮ್ಮನೆ ಡೈಲಾಗ್ ಓದ್ತಾ ಕೂತಿರ್ತಾರೆ. ಅದು ಗೇಮಾ, ಕಾದಂಬರಿನಾ ಅಂತ ಕೇಳಿದ್ರೆ, ಎರಡೂ ಹೌದು. ಅದೇ ಜಪಾನೀಸ್ ರೋಲ್ ಪ್ಲೇಯಿಂಗ್ ಗೇಮ್, ಚಿಕ್ಕದಾಗಿ ಜೆಆರ್‌ಪಿಜಿ.

ಇದರ ನಿಯಮ ಚೌಕಾಬಾರ ಆಡಿದವರಿಗೆ ಹೊಸದಲ್ಲ. ನಮ್ಮ ಸರದಿ, ಆಮೇಲೆ ಶತ್ರುವಿನ ಸರದಿ. ಬೆರಳಿನ ವೇಗಕ್ಕಿಂತ ಯೋಚನೆಗೆ ಬೆಲೆ. ಜೊತೆಗೆ ಹತ್ತಾರು ಗಂಟೆ ಸಾಗುವ ಕಥೆ.

ಆರಂಭವೇ ಒಂದು ಎಂಜಿನಿಯರಿಂಗ್ ಪಾಠ. ಅಮೆರಿಕದ 'ವಿಜರ್ಡ್ರಿ', 'ಅಲ್ಟಿಮಾ' ಕಂಪ್ಯೂಟರ್ ಗೇಮ್‌ಗಳನ್ನು ಮೆಚ್ಚಿದ್ದ ಯೂಜಿ ಹೋರಿ, ಅದನ್ನೇ ಮನೆಮಂದಿಯೆಲ್ಲ ಆಡುವಷ್ಟು ಸರಳ ಮಾಡಿ 1986ರಲ್ಲಿ 'ಡ್ರ್ಯಾಗನ್ ಕ್ವೆಸ್ಟ್' ತಂದರು. ಇಡೀ ಗೇಮ್‌ಗೆ ಇದ್ದ ಜಾಗ 64 ಕಿಲೋಬೈಟ್! ಇವತ್ತು ನಾವು ವಾಟ್ಸಾಪ್‌ನಲ್ಲಿ ಕಳಿಸೋ ಒಂದು ಫೋಟೋನೂ ಅದರಲ್ಲಿ ಹಿಡಿಯಲ್ಲ. ಜಾಗ ಉಳಿಸಲು ಕಟಕಾನ ಲಿಪಿಯ ಸುಮಾರು 20 ಅಕ್ಷರ ಮಾತ್ರ ಇಟ್ಟುಕೊಂಡು, ರಾಕ್ಷಸರಿಗೂ ಮಂತ್ರಗಳಿಗೂ ಆ ಅಕ್ಷರಗಳಿಗೆ ಹೊಂದುವ ಹೆಸರನ್ನೇ ಇಟ್ಟರು. ಸೇವ್ ಮಾಡೋ ವ್ಯವಸ್ಥೆ ಇರಲಿಲ್ಲ. 20 ಅಕ್ಷರದ ಪಾಸ್‌ವರ್ಡ್ ಕಾಗದದಲ್ಲಿ ಬರೆದಿಟ್ಟುಕೊಳ್ಳಬೇಕಿತ್ತು.

1997ರಲ್ಲಿ ಬಂದ 'ಫೈನಲ್ ಫ್ಯಾಂಟಸಿ 7' ಈ ಪ್ರಕಾರವನ್ನು ಜಗತ್ತಿನ ಮನೆಮಾತು ಮಾಡಿತು. ನಮ್ಮ ಊರಿನವರು ಅದರಲ್ಲಿ ಗಮನಿಸಬೇಕಾದ ಜಾಗ ಕೋರೆಲ್. ಅದು ಕಲ್ಲಿದ್ದಲು ಗಣಿಯ ಊರು. ಕಂಪನಿಯೊಂದು ಹೊಸ ಇಂಧನದ ರಿಯಾಕ್ಟರ್ ತರುತ್ತೆ, ಊರು ಒಪ್ಪುತ್ತೆ. ರಿಯಾಕ್ಟರ್ ಸ್ಫೋಟವಾದಾಗ ಕಂಪನಿ ತಪ್ಪನ್ನು ಊರವರ ಮೇಲೆ ಹಾಕಿ ಊರನ್ನೇ ಸುಡುತ್ತೆ. ಉಳಿದವರು ಗುಡಿಸಲಲ್ಲಿ ಬದುಕುತ್ತಾರೆ. ಅಲ್ಲಿಂದಲೇ ರೋಪ್‌ವೇ ಹಿಡಿದು ಹೋದರೆ 'ಗೋಲ್ಡ್ ಸಾಸರ್' ಎಂಬ ಝಗಮಗಿಸುವ ಮನರಂಜನಾ ನಗರಿ.

ಕೆಜಿಎಫ್ ಅನ್ನು ಯಾರೂ ಸುಡಲಿಲ್ಲ, ನಿಜ. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದ ಮೇಲೆ ಖರ್ಚು ಏರಿತು, ಚಿನ್ನ ಇಳಿಯಿತು, 2001ರಲ್ಲಿ ಗಣಿ ಮುಚ್ಚಿತು. ಆದರೆ ಸೈನೈಡ್ ದಿಬ್ಬಗಳ ಪಕ್ಕ ಬೆಳೆದು, ಮನೆಯವರು ದಿನಾ ರೈಲಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರೋದನ್ನು ನೋಡಿದ ನಮಗೆ ಕೋರೆಲ್ ಪರದೇಶ ಅನ್ನಿಸಲ್ಲ.

ಮುಂದೆ ಜೆಆರ್‌ಪಿಜಿಗೂ ಕಷ್ಟಕಾಲ ಬಂತು. ಎಚ್‌ಡಿ ಗ್ರಾಫಿಕ್ಸ್ ಬಂದಂತೆ ವೆಚ್ಚ ಹೆಚ್ಚಿತು. 2009ರ 'ಫೈನಲ್ ಫ್ಯಾಂಟಸಿ 13' ಬರೀ ಉದ್ದನೆಯ ಕಾರಿಡಾರ್ ಅಂತ ಬೈಸಿಕೊಂಡಿತು. ಆಮೇಲೆ 'ಪರ್ಸೋನಾ 5', 'ಡ್ರ್ಯಾಗನ್ ಕ್ವೆಸ್ಟ್ 11' ಜೀವ ತುಂಬಿದವು. ಈಗಿನ ಚಿತ್ರ ವಿಚಿತ್ರವಾಗಿದೆ. 2023ರ 'ಫೈನಲ್ ಫ್ಯಾಂಟಸಿ 16' ಸರದಿಯಾಟ ಬಿಟ್ಟು ಪೂರ್ತಿ ಆ್ಯಕ್ಷನ್ ಕಡೆ ಹೋಯಿತು. ಮಾರಾಟ ಕಂಪನಿಯ ನಿರೀಕ್ಷೆ ಮುಟ್ಟಲಿಲ್ಲ. ಅದೇ ವರ್ಷ ಚೀನಾದ 'ಹೊಂಕಾಯ್: ಸ್ಟಾರ್ ರೈಲ್' ಸರದಿಯಾಟವನ್ನೇ ಮೊಬೈಲ್‌ಗೆ ತಂದು ಗೆದ್ದಿತು. 2025ರಲ್ಲಿ ಫ್ರಾನ್ಸಿನ ಸುಮಾರು 30 ಜನರ ಮೂಲ ತಂಡ ಮಾಡಿದ 'ಕ್ಲೇರ್ ಒಬ್ಸ್‌ಕ್ಯೂರ್: ಎಕ್ಸ್‌ಪೆಡಿಷನ್ 33' ದಿ ಗೇಮ್ ಅವಾರ್ಡ್ಸ್‌ನಲ್ಲಿ ವರ್ಷದ ಗೇಮ್ ಆಯಿತು. ಅಂದ್ರೆ ಜೆಆರ್‌ಪಿಜಿ ಸತ್ತಿಲ್ಲ. ಜಪಾನಿನ ಸ್ವತ್ತಾಗಿ ಉಳಿದಿಲ್ಲ, ಅಷ್ಟೇ. ಅದೀಗ ಒಂದು ವ್ಯಾಕರಣ. ಯಾವ ಭಾಷೆಯಲ್ಲಾದರೂ ಬರೆಯಬಹುದು.

ಹಾಗಾದ್ರೆ ಕನ್ನಡದಲ್ಲಿ? ಮೊದಲ ತೊಡಕು ಕಥೆಯದ್ದಲ್ಲ, ಅಕ್ಷರದ್ದು. 'ಸ್ತ್ರೀ' ನಮ್ಮ ಕಣ್ಣಿಗೆ ಒಂದೇ ಅಕ್ಷರ, ಯೂನಿಕೋಡ್‌ನಲ್ಲಿ ಆರು ಸಂಕೇತ. ಅವನ್ನು ಜೋಡಿಸಿ ಒತ್ತಕ್ಷರ ಮಾಡುವ ಕೆಲಸಕ್ಕೆ ಟೆಕ್ಸ್ಟ್ ಶೇಪಿಂಗ್ ಅಂತಾರೆ. ಗೇಮ್ ಎಂಜಿನ್‌ಗೆ ಅದು ಬರದಿದ್ದರೆ ಒತ್ತುಗಳು ಒಡೆದು ಚೆಲ್ಲಾಡುತ್ತವೆ, ಓದೋಕಾಗಲ್ಲ. ಡೈಲಾಗ್ ಮೇಲೇ ನಿಂತ ಆಟಕ್ಕೆ ಇದು ಪ್ರಾಣಸಂಕಟ. ಸಮಾಧಾನದ ವಿಷಯ ಅಂದ್ರೆ 2023ರಲ್ಲಿ ಬಂದ ಗೋಡೋ 4 ಎಂಜಿನ್‌ನಲ್ಲಿ ಹಾರ್ಫ್‌ಬಝ್ ಲೈಬ್ರರಿ ಸೇರಿದೆ, ಒಳ್ಳೆ ಕನ್ನಡ ಫಾಂಟ್ ಕೊಟ್ಟರೆ ಸಾಕು. ಎರಡೂ ಉಚಿತ, ಓಪನ್ ಸೋರ್ಸ್. ನಮ್ಮ ಲ್ಯಾಬ್ ಕಂಪ್ಯೂಟರಲ್ಲೂ ಓಡುತ್ತೆ.

ಹೋರಿ ತಂಡಕ್ಕೆ 64 ಕಿಲೋಬೈಟ್ ಸಾಕಾಯಿತು. ನಮ್ಮ ಹತ್ತಿರ ಅದಕ್ಕಿಂತ ಎಷ್ಟೋ ಹೆಚ್ಚಿದೆ. ಕಮ್ಮಿ ಇರೋದು ಸಮಯ. ಶಾಫ್ಟ್ ಇಳಿದವರಿಗೆ ವಯಸ್ಸಾಗಿದೆ. ಕನ್ನಡ, ತಮಿಳು, ತೆಲುಗು ಬೆರೆಸಿ ಅವರು ಹೇಳೋ ಕಥೆಗಳನ್ನು ಬರೆದಿಟ್ಟುಕೊಂಡವರು ಕಡಿಮೆ. ಮುಂದಿನ ಸೆಮಿಸ್ಟರ್ ಮಿನಿ ಪ್ರಾಜೆಕ್ಟ್‌ಗೆ ಇನ್ನೊಂದು ಅಟೆಂಡೆನ್ಸ್ ಆ್ಯಪ್ ಮಾಡೋ ಮುಂಚೆ, ಒಂದು ಭಾನುವಾರ ಮನೆಯ ಅಜ್ಜನ ಹತ್ತಿರ ಕೂತು ಕೇಳೋಣ. ಕೋರೆಲ್ ಕಥೆಯನ್ನು ಜಪಾನಿನವರು ಬರೆದರು. ಕೋರಮಂಡಲ್ ಕಥೆಯನ್ನು ನಾವೇ ಬರೆಯಬೇಕು.