ಹಿಮ್ಮಡಿಯ ಬಿರುಕು, ಬಚ್ಚಲ ಕಲ್ಲು

ನಂಜನಗೂಡು, ತಿರುಮಕೂಡಲು ನರಸೀಪುರದ ಸುತ್ತಿನ ಹಳೆಯ ಮನೆಗಳ ಹಿತ್ತಲಲ್ಲಿ, ಬಚ್ಚಲಿನ ಪಕ್ಕಕ್ಕೆ, ಒಂದು ಒರಟು ಕಲ್ಲು ಬಿದ್ದಿರುತ್ತಿತ್ತು. ಅದರ ಮೇಲೆ ಬಟ್ಟೆ ಒಗೆಯುವುದೂ ಉಂಟು. ಸಂಜೆ ಗದ್ದೆಯಿಂದ ಬಂದವರು ಮೊದಲು ಹೋಗಿ ನಿಲ್ಲುತ್ತಿದ್ದುದು ಅದರ ಬಳಿಯೇ. ಎರಡು ಚೊಂಬು ನೀರು ಸುರಿದುಕೊಂಡು, ಹಿಮ್ಮಡಿಯನ್ನು ಕಲ್ಲಿಗೆ ನಾಲ್ಕು ಸಲ ಉಜ್ಜಿ, ಬೆರಳ ಸಂದಿಯ ಕೆಸರು ತೆಗೆದು ತೊಳೆದರೆ ಒಳಗೆ ಬರಲು ಅಪ್ಪಣೆ. ಪೇಟೆಯ ಬ್ಯೂಟಿ ಪಾರ್ಲರುಗಳು 'ಪೆಡಿಕ್ಯೂರ್' ಎಂಬ ಹೆಸರಿನಲ್ಲಿ ಹಣ ಪಡೆದು ಮಾಡುವ ಕೆಲಸದ ಮುಕ್ಕಾಲು ಭಾಗ ಇಷ್ಟೇ. ಲ್ಯಾಟಿನ್ ಭಾಷೆಯ ಪಾದ ಮತ್ತು ಆರೈಕೆ ಎಂಬ ಎರಡು ಪದಗಳು ಕೂಡಿ ಆ ಹೆಸರು ಹುಟ್ಟಿದೆ. ಉಳಿದ ಕಾಲು ಭಾಗವೆಂದರೆ ಮೆತ್ತನೆಯ ಕುರ್ಚಿ, ಸುಗಂಧ, ಉಗುರುಬಣ್ಣ.

ಈ ಸೀಮೆಯ ಕಾಲುಗಳಿಗೆ ಆರೈಕೆ ಬೇಕಾದ ಕಾರಣಗಳು ಹಲವು. ಕಪಿಲೆ, ಕಾವೇರಿಗಳ ನಾಲೆ ಬಯಲು ಇದು. ಹುಲ್ಲಹಳ್ಳಿ ನಾಲೆ, ಮಾಧವಮಂತ್ರಿ ನಾಲೆಗಳ ಕೆಳಗಿನ ಗದ್ದೆಗಳಲ್ಲಿ ನಾಟಿಯ ಕಾಲಕ್ಕೆ ಹೆಂಗಸರ ಕಾಲು ಇಡೀ ದಿನ ಕೆಸರಿನಲ್ಲೇ. ಸುಗ್ಗಿ ಮುಗಿದು ಬಿಸಿಲೇರುವ ಹೊತ್ತಿಗೆ ನಂಜನಗೂಡಿನ ದೊಡ್ಡ ಜಾತ್ರೆ. ಕಾದ ಬೀದಿಯಲ್ಲಿ ಬರಿಗಾಲಲ್ಲೇ ತೇರೆಳೆಯಬೇಕು. ತಲಕಾಡಿನ ಮರಳಂತೂ ಪಂಚಲಿಂಗ ದರ್ಶನಕ್ಕೆ ಬಂದವರ ಅಂಗಾಲನ್ನು ತಾನೇ ಉಜ್ಜಿ ಕಳಿಸುತ್ತದೆ. 2020ರ ಡಿಸೆಂಬರಿನ ದರ್ಶನದಲ್ಲೂ ಆ ಮರಳು ತನ್ನ ಕೆಲಸ ಬಿಟ್ಟಿರಲಾರದು.

ಹಿಮ್ಮಡಿ ಒಡೆಯುವುದಕ್ಕೆ ಮೈಯ ಉಷ್ಣವೇ ಕಾರಣವೆಂದು ಹಳ್ಳಿಯ ಹಿರಿಯರು ಹೇಳುವುದುಂಟು. ಶರೀರಶಾಸ್ತ್ರದ ವಿವರಣೆ ಬೇರೆ. ಅಂಗಾಲಿನ ಚರ್ಮದಲ್ಲಿ ಬೆವರಿನ ಗ್ರಂಥಿಗಳು ಹೇರಳ, ಎಣ್ಣೆ ಒಸರುವ ಗ್ರಂಥಿ ಒಂದೂ ಇಲ್ಲ. ಜಿಡ್ಡಿನ ಹೊದಿಕೆ ಇಲ್ಲದ್ದರಿಂದ ಚರ್ಮದ ತೇವ ಬೇಗ ಆರುತ್ತದೆ. ಮೇಲಿನ ಸತ್ತ ಪದರ ದಪ್ಪಗಾಗಿ ಜಡ್ಡುಗಟ್ಟುತ್ತದೆ. ನಿಂತಾಗ ಮೈಯ ಭಾರಕ್ಕೆ ಹಿಮ್ಮಡಿಯೊಳಗಿನ ಕೊಬ್ಬಿನ ಮೆತ್ತೆ ಪಕ್ಕಕ್ಕೆ ಹರಡುತ್ತದೆ. ಹಿಗ್ಗಲಾರದ ಗಟ್ಟಿ ಚರ್ಮ, ಬಿಸಿಲಿಗೆ ಒಣಗಿದ ಕೆರೆಯಂಗಳದಂತೆ, ಅಂಚಿನಲ್ಲಿ ಬಿರಿಯುತ್ತದೆ. ಹಿಂದೆ ಆಸರೆಯಿಲ್ಲದ ಹವಾಯಿ ಚಪ್ಪಲಿ ಇದಕ್ಕೆ ಇನ್ನಷ್ಟು ನೆರವು ನೀಡುತ್ತದೆ.

ಬಿರುಕು ನೋಡಲು ಚೆನ್ನಾಗಿರುವುದಿಲ್ಲ ಎಂಬುದು ಸಣ್ಣ ಮಾತು. ಅದು ತೆರೆದ ಬಾಗಿಲು. ಮಣ್ಣು, ಸಗಣಿಗಳಲ್ಲಿರುವ ಧನುರ್ವಾಯುವಿನ ರೋಗಾಣು, ಗದ್ದೆಯ ನೀರಿನಲ್ಲಿ ಸೇರುವ ಇಲಿಜ್ವರದ ರೋಗಾಣು ಇಂಥ ಬಾಗಿಲಿನಿಂದಲೇ ಒಳಹೊಗಬಲ್ಲವು. ಗಾಯ ಕೀವಾಗಿ ಬಾತುಕೊಂಡರೆ ಈ ಕಡೆಯವರು 'ನಂಜಾಗಿದೆ' ಎನ್ನುತ್ತಾರೆ, ಬದನೆಕಾಯಿ ಬಿಡುತ್ತಾರೆ. ನಂಜನ್ನು ಉಂಡ ದೇವರ ಹೆಸರನ್ನೇ ಹೊತ್ತ ಊರಿನಲ್ಲಿ ಈ ಮಾತಿಗೆ ತೂಕ ಹೆಚ್ಚು. ಪಟ್ಟದಾನೆಯ ಕಣ್ಣು ವಾಸಿಯಾಯಿತೆಂದು ಟಿಪ್ಪು ಸುಲ್ತಾನನು ಈ ದೇವರನ್ನು 'ಹಕೀಂ ನಂಜುಂಡ' ಎಂದು ಕರೆದನೆಂಬ ಐತಿಹ್ಯವೂ ಇಲ್ಲಿನದೇ. ಧನುರ್ವಾಯುವಿಗೆ ಮಾತ್ರ ಚುಚ್ಚುಮದ್ದೇ ಬೇಕು.

ಮನೆಯಲ್ಲೇ ಕಾಲಿಗೆ ಆರೈಕೆ ಮಾಡಿಕೊಳ್ಳಲು ಖರ್ಚಿನ ಸಾಮಾನು ಬೇಡ. ಪಾದ ಮುಳುಗುವಷ್ಟು ಅಗಲದ ಬೇಸಿನ್ನಿನಲ್ಲಿ ಉಗುರುಬೆಚ್ಚಗಿನ ನೀರು, ಚೂರು ಸೋಪು ಅಥವಾ ಒಂದು ಚಿಟಿಕೆ ಸೀಗೆಪುಡಿ ಸಾಕು. ಹಂಡೆಯಿಂದ ತೋಡಿದ ನೀರಿಗೆ ನೇರವಾಗಿ ಕಾಲಿಡಬಾರದು. ಜಡ್ಡುಗಟ್ಟಿದ ಅಂಗಾಲಿಗೆ ಬಿಸಿ ತಡವಾಗಿ ತಿಳಿಯುತ್ತದೆ. ಕೂಸಿಗೆ ಎರೆಯುವ ಮುನ್ನ ತಾಯಂದಿರು ಮೊಣಕೈ ಅದ್ದಿ ನೋಡುವಂತೆ ಇಲ್ಲಿಯೂ ನೋಡಬೇಕು. ಹತ್ತು ನಿಮಿಷ ಸಾಕು. ಗಂಟೆಗಟ್ಟಲೆ ನೆನೆದರೆ ಚರ್ಮ ಮತ್ತಷ್ಟು ಒಣಗುತ್ತದೆ. ಉಪ್ಪು ಸುರಿಯುವವರಿಗೂ ಇದೇ ಮಾತು.

ನೆನೆದು ಮೆತ್ತಗಾದ ಜಡ್ಡನ್ನು ಕಲ್ಲಿನಿಂದಲೋ ತೆಂಗಿನ ನಾರಿನಿಂದಲೋ ಹಗುರವಾಗಿ ಉಜ್ಜಬೇಕು. ಒಂದೇ ದಿನಕ್ಕೆ ಹಿಮ್ಮಡಿಯನ್ನು ಮಗುವಿನ ಕೆನ್ನೆ ಮಾಡುವ ಹಟ ಬೇಡ. ಬ್ಲೇಡು ಹಿಡಿದು ಕೆರೆಯುವ ಅಭ್ಯಾಸ ಅನೇಕರಿಗಿದೆ; ನಂಜಿಗೆ ಅದಕ್ಕಿಂತ ಒಳ್ಳೆಯ ಆಹ್ವಾನವಿಲ್ಲ. ಉಗುರನ್ನು ನೇರವಾಗಿ ಕತ್ತರಿಸಬೇಕು. ಮೂಲೆಯನ್ನು ಬಗೆದು ತೆಗೆದರೆ ಬೆಳೆಯುವ ಉಗುರು ಮಾಂಸಕ್ಕೆ ಹೊಕ್ಕು ಕಾಡುತ್ತದೆ. ಹೆಬ್ಬೆರಳಿನ ಉಗುರು ಪೂರ್ತಿ ಹೊಸದಾಗಿ ಬೆಳೆಯಲು ಒಂದು ವರ್ಷ, ಒಂದೂವರೆ ವರ್ಷ ಬೇಕೆಂಬುದನ್ನು ನೆನೆದರೆ ಕೈ ತಾನಾಗಿ ಮೆದುವಾಗುತ್ತದೆ.

ಎಲ್ಲಕ್ಕಿಂತ ಹೆಚ್ಚಾಗಿ ಮರೆಯುವ ಕೆಲಸ ಒರೆಸುವುದು. ಕಾಲುಂಗುರದ ಅಡಿ, ಕಿರುಬೆರಳ ಸಂದು ಒದ್ದೆ ಉಳಿದರೆ ಅಲ್ಲಿ ಬೂಷ್ಟು ಬೆಳೆದು ಚರ್ಮ ಬೆಳ್ಳಗೆ ಕೊಳೆಯುತ್ತದೆ. ನಾಟಿಯ ದಿನಗಳಲ್ಲಿ ಗದ್ದೆಯವರನ್ನು ಗೋಳಾಡಿಸುವುದು ಇದೇ. ಒರೆಸಿದ ಮೇಲೆ, ತೇವದ ಅಂಶ ಇನ್ನೂ ಚರ್ಮದಲ್ಲಿರುವಾಗಲೇ, ಹರಳೆಣ್ಣೆಯೋ ಕೊಬ್ಬರಿ ಎಣ್ಣೆಯೋ ವ್ಯಾಸಲೀನೋ ಹಿಮ್ಮಡಿಗೆ ಸವರಬೇಕು, ಬೆರಳ ಸಂದಿಗೆ ಬೇಡ. ಎಣ್ಣೆ ತೇವ ಕೊಡುವುದಿಲ್ಲ, ಇರುವ ತೇವ ಹೊರಹೋಗದಂತೆ ಕಾಯುತ್ತದೆ. ಬಾಳೆಹಣ್ಣು ಕಿವುಚಿ ಹಚ್ಚಿರೆಂದು ಕೆಲವು ಪತ್ರಿಕೆಗಳು ಬರೆಯುತ್ತವೆ. ಸೊರಗು ರೋಗಕ್ಕೆ ಸಿಕ್ಕು ರಸಬಾಳೆಯೇ ಅಪರೂಪವಾದ ನಂಜನಗೂಡಿನಲ್ಲಿ ಆ ಸಲಹೆ ಕೇಳುವವರು ಯಾರು?

ಬೆಚ್ಚನೆಯ ನೀರಿಗೆ ಕಾಲಿಟ್ಟಾಗ ಕಣ್ಣು ಎಳೆಯುವುದು ಭ್ರಮೆಯಲ್ಲ. ಪಾದದ ರಕ್ತನಾಳಗಳು ಹಿಗ್ಗಿ ಮೈಯೊಳಗಿನ ಶಾಖ ಹೊರಹೋಗುತ್ತದೆ. ಒಳಮೈ ಸ್ವಲ್ಪ ತಣಿಯುವುದೇ ನಿದ್ದೆಗೆ ಸೂಚನೆ. ಪಾದ ಬೆಚ್ಚಗಿದ್ದರೆ ನಿದ್ದೆ ಬೇಗ ಹತ್ತುತ್ತದೆಂದು ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದ ಸಂಶೋಧಕರು 1999ರಲ್ಲಿ 'ನೇಚರ್' ಪತ್ರಿಕೆಯಲ್ಲಿ ವರದಿ ಮಾಡಿದರು. ನಿತ್ಯದ ಎಣ್ಣೆ ತಿಕ್ಕಿಕೆಯಲ್ಲಿ ತಲೆ, ಕಿವಿಗಳ ಜೊತೆ ಪಾದವನ್ನು ವಿಶೇಷವಾಗಿ ನೋಡಿಕೊಳ್ಳಬೇಕೆಂದು ಅಷ್ಟಾಂಗಹೃದಯದ ವಾಗ್ಭಟ ಎಷ್ಟೋ ಶತಮಾನಗಳ ಹಿಂದೆಯೇ ಹೇಳಿದ್ದ.

ಈ ಸುಖ ಎಲ್ಲರಿಗೂ ಸಮನಾಗಿ ದಕ್ಕಿದ್ದಲ್ಲ. ಮದುವೆಯಲ್ಲಿ ಅಳಿಯನ ಕಾಲು ತೊಳೆಯುತ್ತಾರೆ, ಬಂದ ನೆಂಟರ ಕಾಲಿಗೆ ನೀರು ಕೊಡುತ್ತಾರೆ, ಸ್ವಾಮಿಗಳ ಪಾದಕ್ಕೆ ಪೂಜೆ ಸಲ್ಲುತ್ತದೆ. ನಾಟಿ ಮುಗಿಸಿ ಬಂದ ಹೆಂಗಸು ಆ ಕಲ್ಲಿನ ಬಳಿ ಅರೆ ನಿಮಿಷ ನಿಂತು ನೇರ ಒಲೆಯ ಮುಂದೆ ಕೂರುತ್ತಿದ್ದಳು. ಹತ್ತು ನಿಮಿಷ ಕಾಲು ನೆನೆಹಾಕಿ ಕುಳಿತರೆ ಸೋಮಾರಿಯೆಂಬ ಹೆಸರು. ಒಡೆದ ಹಿಮ್ಮಡಿಗಳ ಲೆಕ್ಕದಲ್ಲಿ ಇದನ್ನೂ ಸೇರಿಸಬೇಕಾಗುತ್ತದೆ.

ಸಕ್ಕರೆ ಕಾಯಿಲೆ ಇರುವವರ ವಿಷಯ ಪ್ರತ್ಯೇಕ. ವರ್ಷಗಳು ಕಳೆದಂತೆ ಅವರ ಪಾದದ ನರಗಳು ಜೋಮುಗಟ್ಟಿ, ಮುಳ್ಳು ಚುಚ್ಚಿದರೂ ಬೊಬ್ಬೆ ಎದ್ದರೂ ನೋವು ತಿಳಿಯದಂತಾಗುತ್ತದೆ. ನೋವಿಲ್ಲದ ಗಾಯ ಬೆರಳನ್ನು, ಕೆಲವೊಮ್ಮೆ ಕಾಲನ್ನೇ ಕಳೆದುಬಿಡುತ್ತದೆ. ಇಂಥವರು ಕಾಲು ನೆನೆಹಾಕುವುದೂ ಕಲ್ಲಿಗೆ ಉಜ್ಜುವುದೂ ಬೇಡ. ತೊಳೆದು, ಒರೆಸಿ, ಎಣ್ಣೆ ಸವರಿದರೆ ಸಾಕು. ಆಣಿಯನ್ನು ವೈದ್ಯರೇ ತೆಗೆಯಲಿ. ಬರಿಗಾಲ ಹರಕೆಗೂ ಮುನ್ನ ಅವರನ್ನೊಮ್ಮೆ ಕೇಳುವುದು ಮೇಲು. ಪ್ರತಿರಾತ್ರಿ ನೆಲದ ಮೇಲೆ ಕನ್ನಡಿಯಿಟ್ಟು ಅಂಗಾಲನ್ನು ನೋಡಿಕೊಳ್ಳಬಹುದು. ಕಣ್ಣು ಮಂಜಾದ ಅಜ್ಜಿಯರ ಕಾಲನ್ನು ಮೊಮ್ಮಕ್ಕಳು ತೊಡೆಯ ಮೇಲಿಟ್ಟುಕೊಂಡು ನೋಡಿ ಹೇಳಬೇಕಾಗುತ್ತದೆ.